ರಾಗಿಸರಿ ಅಮ್ಮ

ನಂಜನಗೂಡು
16 ನವೆಂಬರ್ 2025, ಭಾನುವಾರ

ಪ್ರೀತಿಯ ರಂಜಿನಿ,

ನೀನು, ನಿಮ್ಮ ಮನೆಯವರು, ಮಕ್ಕಳು ಎಲ್ಲರೂ ಚೆನ್ನಾಗಿದ್ದೀರೆಂದುಕೊಂಡಿದ್ದೇನೆ. ಇಲ್ಲಿ ನಾವಿಬ್ಬರೂ ಇದ್ದೇವೆ. ನಮ್ಮ ಮನೆಯವರು ಇವತ್ತು ಭಾನುವಾರವಾದರೂ ತಾಂಡ್ಯಕ್ಕೆ ಹೋಗಿದ್ದಾರೆ, ಫ್ಯಾಕ್ಟರಿಯಲ್ಲಿ ಓವರ್‌ಟೈಮ್ ಇದೆಯಂತೆ. ಬಟ್ಟೆ ಒಗೆದು ಹಾಕಿ, ಅನ್ನಕ್ಕಿಟ್ಟು ಕೂತಿದ್ದೇನೆ.

ನಿನ್ನ ಪತ್ರ ಬಂದು ಐದು ತಿಂಗಳಾಯಿತು. ಕೆಲಸ ಹೆಚ್ಚಿತ್ತು, ಮೈಯಲ್ಲಿ ಹುಷಾರಿರಲಿಲ್ಲ ಎಂದೆಲ್ಲ ಬರೆಯಬಹುದು. ಎರಡೂ ನಿಜವಲ್ಲ. ನಿನ್ನ ಪತ್ರವನ್ನು ಫ್ರಿಜ್ಜಿನ ಮೇಲೆ ಇಟ್ಟಿದ್ದೆ. ದಿನಾ ಕಾಣುತ್ತಿತ್ತು. ದಿನಾ ನಾಳೆ ಬರೆಯೋಣ ಅನ್ನಿಸುತ್ತಿತ್ತು. ತಪ್ಪಾಯಿತು, ಕ್ಷಮಿಸು.

ನೀನು ಎರಡನೇ ಸಾಲಿನಲ್ಲೇ ಬರೆದಿದ್ದೆಯಲ್ಲ, "ಕಳ್ಳಿ, ಏಳು ವರ್ಷದ ಮಗಳನ್ನು ಇಟ್ಟುಕೊಂಡು ನನಗೊಂದು ಮಾತು ಹೇಳಲಿಲ್ಲ" ಎಂದು. ಸ್ಟಾಫ್‌ರೂಮಿನಲ್ಲಿ ಯಾರೋ ಟೀಚರು ಫೋನಿನಲ್ಲಿ 'ರಾಗಿಸರಿ' ಬ್ಲಾಗು ತೋರಿಸಿದರು, ಕೆಳಗೆ ಕೋಮಲ, ನಂಜನಗೂಡು ಎಂದು ನೋಡಿ ಕೂತಲ್ಲಿಂದ ಎದ್ದೇಬಿಟ್ಟೆ, ಮನೆಗೆ ಬಂದು ದೇವರಿಗೆ ತುಪ್ಪದ ದೀಪ ಹಚ್ಚಿದೆ ಎಂದೆಲ್ಲ ಬರೆದಿದ್ದೆ. ಜೊತೆಗೆ ಗದಗಿನಿಂದ ಹಳದಿ ಖಣದ ಬಟ್ಟೆ, ಮಗಳಿಗೆ ಲಂಗ ಹೊಲಿಸು ಎಂದು. ಆ ದೀಪದ ಮಾತು ಓದಿದ ಮೇಲೆ ನಿನಗೆ ಉತ್ತರ ಬರೆಯುವುದು ಹೇಗೆಂದು ತೋಚಲಿಲ್ಲ.

ಲಿಖಿತಾ ನನ್ನ ಮಗಳಲ್ಲ ಕಣೇ. ನನ್ನ ತಂಗಿ ಭಾನುಪ್ರಿಯಾಳ ಮಗಳು.

ನನ್ನ ಮೂರನೆಯದು ಹೋದಾಗ ನೀನು ಮೈಸೂರಿನ ಆಸ್ಪತ್ರೆಗೆ ಬಂದು ಎರಡು ದಿನ ಪಕ್ಕದಲ್ಲಿ ಕೂತಿದ್ದೆ. ಅದಾದ ಮೇಲೆ ಇನ್ನೊಂದು ನಿಂತಿತ್ತು. ಅದೂ ಐದನೇ ತಿಂಗಳಿಗೆ ಹೋಯಿತು. ಆಮೇಲೆ ನಾವು ಗಂಡ ಹೆಂಡತಿ ಆ ಮಾತೇ ಬಿಟ್ಟೆವು. ನಿನಗೆ ಕಾಗದ ಬರೆಯುವುದನ್ನೂ ನಾನು ಆಗಲೇ ಬಿಟ್ಟದ್ದು. ನೀನು ಕೇಳುತ್ತಿದ್ದೆ, ನಾನು ಇಲ್ಲ ಎನ್ನಬೇಕಿತ್ತು. ಅಷ್ಟೇ ಕಾರಣ.

ಭಾನುವಿಗೆ ಮದುವೆಯಾದದ್ದು ಹೆಮ್ಮಿಗೆಗೆ. ಅವಳ ಗಂಡ ನಿಂಗರಾಜು ಬಸ್ ಕಂಡಕ್ಟರು. 2018ರ ಫೆಬ್ರವರಿಯಲ್ಲಿ ಅವಳಿಗೆ ಹೆಣ್ಣುಮಗು ಆಯಿತು. ಮಗುವಿಗೆ ಐದು ತಿಂಗಳು ತುಂಬುವ ಹೊತ್ತಿಗೆ ಸ್ಟಾಫ್ ನರ್ಸ್ ಕೆಲಸದ ಆರ್ಡರು ಬಂತು. ಸರ್ಕಾರಿ ಕೆಲಸ, ಆದರೆ ಯಾದಗಿರಿ ಕಡೆ. ಬಿಟ್ಟರೆ ಮತ್ತೆ ಸಿಗುವುದಿಲ್ಲ. ನಿಂಗರಾಜುವಿಗೆ ಹೊತ್ತುಗೊತ್ತಿಲ್ಲದ ಡ್ಯೂಟಿ. ಅವನ ತಾಯಿ ಕೆಂಪಾಜಮ್ಮನಿಗೆ ಸೊಂಟ ಮುರಿದು, ಕೋಲು ಹಿಡಿದು ನಡೆಯುವ ಸ್ಥಿತಿ. ನಮ್ಮಮ್ಮ ಇಲ್ಲ. ಭಾನು ಮಗುವನ್ನು ಎತ್ತಿಕೊಂಡು ನಮ್ಮ ಮನೆಗೆ ಬಂದು, "ಆರು ತಿಂಗ್ಳು ಇಟ್ಕೊಳಕ್ಕ. ಅಷ್ಟ್ರಲ್ಲಿ ಟ್ರಾನ್ಸ್‌ಫರ್ ಮಾಡಿಸ್ಕೊಂಡು ಬತ್ತೀನಿ" ಎಂದಳು. ಅವಳ ಎದೆಹಾಲು ಇನ್ನೂ ನಿಂತಿರಲಿಲ್ಲ. ಬಸ್ಸು ಹತ್ತುವಾಗ ರವಿಕೆ ಒದ್ದೆಯಾಗಿತ್ತು, ನಾನೇ ಸೆರಗು ಸರಿಮಾಡಿದೆ.

ಆರು ತಿಂಗಳು ಎಂದದ್ದು ಆರು ವರ್ಷ ಹತ್ತು ತಿಂಗಳಾಯಿತು.

ಬ್ಲಾಗು ಶುರುವಾದದ್ದು ಲಾಕ್‌ಡೌನಿನಲ್ಲಿ. ನಾನು ಪಾಠ ಹೇಳುತ್ತಿದ್ದ ಖಾಸಗಿ ಶಾಲೆ ಬಾಗಿಲು ಹಾಕಿತ್ತು. ಲಿಖಿಗೆ ಎರಡು ವರ್ಷ ದಾಟಿತ್ತು. ಎದುರು ಮನೆಯ ಹುಡುಗಿ ಬಾಣಂತಿ, ಅವಳ ತಾಯಿ ಊರಿಂದ ಬರಲಾಗಿರಲಿಲ್ಲ. ಕಾಂಪೌಂಡಿನ ಆ ಕಡೆಯಿಂದ ದಿನಾ ಏನಾದರೂ ಕೇಳುತ್ತಿದ್ದಳು. ರಾಗಿ ಎಷ್ಟು ದಿನ ಮೊಳಕೆ ಕಟ್ಟಬೇಕು, ಸರಿಗೆ ಬೆಲ್ಲ ಯಾವಾಗಿನಿಂದ ಹಾಕಬಹುದು, ರಸಬಾಳೆ ಕಿವುಚಿ ಕೊಟ್ಟರೆ ನೆಗಡಿಯಾಗುತ್ತದಾ ಎಂದು. ಕೂಗಿ ಕೂಗಿ ಹೇಳಿ ಗಂಟಲು ನೋವು ಬಂತು. ಬರೆದೇ ಕಳಿಸೋಣ ಎಂದು ಫೋನಿನಲ್ಲಿ ಬರೆದೆ. ಅವಳು ಅದನ್ನು ತನ್ನ ಗೆಳತಿಯರಿಗೆ ಕಳಿಸಿದಳು. ಅವರು ಇನ್ನಷ್ಟು ಕೇಳಿದರು. ಯಾರೋ ಒಬ್ಬಳು, "ಆಂಟಿ, ಇದನ್ನ ಬ್ಲಾಗ್ ಮಾಡಿ, ಎಲ್ಲಾ ಒಂದೇ ಕಡೆ ಇರ್ತದೆ" ಎಂದಳು. ಬ್ಲಾಗೆಂದರೇನೆಂದು ವಿಡಿಯೋ ನೋಡಿ ಕಲಿತೆ. ಹೆಸರು ಕೇಳಿತು, 'ರಾಗಿಸರಿ' ಎಂದು ಕೊಟ್ಟೆ.

ಮೊದಲನೇ ಬರಹದ ಮೊದಲನೇ ಸಾಲಿನಲ್ಲೇ 'ನನ್ನ ಮಗಳು' ಎಂದು ಬರೆದೆ. ಯಾಕೆ ಬರೆದೆ ಎಂದು ಈಗ ಎಷ್ಟೋ ಸಲ ಕೇಳಿಕೊಂಡಿದ್ದೇನೆ. ಯಾರಿಗೂ ಮೋಸ ಮಾಡಬೇಕೆಂದಿರಲಿಲ್ಲ. ನನ್ನ ತಂಗಿಯ ಮಗಳು, ನನ್ನ ಹತ್ತಿರ ಬೆಳೆಯುತ್ತಿದ್ದಾಳೆ, ಅವಳ ತಾಯಿ ನರ್ಸು, ದೂರದ ಊರಿನಲ್ಲಿದ್ದಾಳೆ ಎಂದು ಬರೆಯಹೋದರೆ ವಾಕ್ಯ ಉದ್ದವಾಗುತ್ತಿತ್ತು. ಗಂಜಿಯ ವಿಷಯಕ್ಕೆ ಅಷ್ಟೆಲ್ಲ ಏಕೆ ಎನ್ನಿಸಿತು. 'ನನ್ನ ಮಗಳು' ಎಂದು ಬರೆದು ಮುಂದಕ್ಕೆ ಹೋದೆ. ಎರಡನೇ ಬರಹದಲ್ಲಿ ತಿದ್ದಬಹುದಿತ್ತು. ತಿದ್ದಲಿಲ್ಲ. ಇಪ್ಪತ್ತನೆಯದರ ಹೊತ್ತಿಗೆ ತಿದ್ದುವುದಕ್ಕೇನಿದೆ ಎಂಬುದೇ ಮರೆತುಹೋಗಿತ್ತು.

ದುಡ್ಡು ಬರುತ್ತದೆಂದು ನನಗೆ ಗೊತ್ತಿರಲಿಲ್ಲ. ಬ್ಲಾಗಿನ ಪಕ್ಕದಲ್ಲಿ ಜಾಹೀರಾತು ಬರಲು ಬಿಟ್ಟರೆ ಓದಿದವರ ಲೆಕ್ಕದಲ್ಲಿ ಕೊಡುತ್ತಾರೆ ಎಂದು ವಿಡಿಯೋದಲ್ಲಿ ಹೇಳಿದರು, ಬಿಟ್ಟೆ. ಕನ್ನಡದ ಬರಹಕ್ಕೆ ಬಹಳ ಕಡಿಮೆ. ಒಂದೂವರೆ ವರ್ಷ ಏನೂ ಬರಲಿಲ್ಲ. ತಾಯಂದಿರು ಫೋನಿನಲ್ಲಿ ಏನೆಂದು ಬರೆದು ಹುಡುಕುತ್ತಾರೋ ಅದನ್ನೇ ತಲೆಬರಹ ಮಾಡಬೇಕೆಂದು ನಿಧಾನವಾಗಿ ಕಲಿತೆ. 'ಮಗು ಮಣ್ಣು ತಿಂದರೆ ಏನು ಮಾಡಬೇಕು' ಎಂದು ಬರೆದದ್ದನ್ನು ಒಂದೇ ತಿಂಗಳಲ್ಲಿ ನಲವತ್ತು ಸಾವಿರ ಜನ ಓದಿದರು. ಇಷ್ಟು ಮಕ್ಕಳು ಮಣ್ಣು ತಿನ್ನುತ್ತವೆಂದು ನಾನಂದುಕೊಂಡಿರಲಿಲ್ಲ. ಮೊದಲನೇ ಸಲ ದುಡ್ಡು ಬಂದಾಗ ಬ್ಯಾಂಕಿನವರು ಕರೆದರು.

"ಫಾರಿನ್‌ನಿಂದ ದುಡ್ಡು ಬಂದಿದೆಯಲ್ಲಮ್ಮ, ಯಾರಿದ್ದಾರೆ ಅಲ್ಲಿ?"

"ಯಾರೂ ಇಲ್ಲ ಸಾರ್. ನಾನು ಮಗು ಸಾಕೋದರ ಬಗ್ಗೆ ಬರೀತೀನಿ, ಅದಕ್ಕೆ ಬಂದಿರೋದು."

"ಮಗು ಸಾಕೋದಕ್ಕೆ ದುಡ್ಡು ಕೊಡ್ತಾರಾ?" ಎಂದು ಅವರು ಪಕ್ಕದವರ ಕಡೆ ನೋಡಿ ನಕ್ಕರು. ನಾನೂ ನಕ್ಕೆ.

ಆಮೇಲೆ ಮೈಸೂರಿನ ಒಂದು ಸಣ್ಣ ಕಂಪನಿ, ಮಕ್ಕಳಿಗೆ ರಾಗಿ ಮಾಲ್ಟಿನ ಪುಡಿ ಮಾಡುವವರು, ತಿಂಗಳಿಗೆರಡು ಬರಹಕ್ಕೆ ಇಷ್ಟೆಂದು ಕೊಡತೊಡಗಿದರು. ಪುಡಿಯನ್ನು ನಾನೇ ಕಾಯಿಸಿ ಕುಡಿದು ನೋಡಿ, ಚೆನ್ನಾಗಿದ್ದರೆ ಮಾತ್ರ ಬರೆಯುತ್ತಿದ್ದೆ. ಎರಡು ವರ್ಷದ ಹಿಂದೆ ನಮ್ಮ ಮನೆಯವರ ಫ್ಯಾಕ್ಟರಿಯಲ್ಲಿ ಅವರಿದ್ದ ವಿಭಾಗ ಮುಚ್ಚಿ, ಎಂಟು ತಿಂಗಳು ಅವರು ಮನೆಯಲ್ಲಿದ್ದರು. ಆ ಎಂಟು ತಿಂಗಳು ಬಾಡಿಗೆ, ರೇಷನ್ನು, ಲಿಖಿಯ ಶಾಲೆ ಎಲ್ಲ ರಾಗಿಸರಿಯಿಂದಲೇ ನಡೆಯಿತು. ಅವರು ಲಿಖಿಯನ್ನು ಹೆಗಲ ಮೇಲೆ ಕೂರಿಸಿಕೊಂಡು, "ನೋಡವ್ವ, ನಮ್ಮನೇಲಿ ದುಡಿಯೋಳು ನೀನೊಬ್ಳೇ" ಎನ್ನುತ್ತಿದ್ದರು. ಅವಳಿಗೆ ಅದು ಬಹಳ ಇಷ್ಟದ ಮಾತು.

ಅವಳ ಮುಖ ಮಾತ್ರ ಯಾವತ್ತೂ ಹಾಕಲಿಲ್ಲ. ಕೈ, ಪಾದ, ಜಡೆ, ತಟ್ಟೆ, ಇಷ್ಟೇ. ಓದುಗರು ನನ್ನನ್ನು 'ರಾಗಿಸರಿ ಅಮ್ಮ' ಎಂದು ಕರೆಯತೊಡಗಿದರು. ಕೇಳಿ ಕೇಳಿ ಅಭ್ಯಾಸವಾಯಿತು.

ಅನ್ನವಾಯಿತು, ಏಳುತ್ತೇನೆ. ನಾಳೆ ಮುಂದುವರಿಸುತ್ತೇನೆ.

17 ನವೆಂಬರ್, ಸೋಮವಾರ

ಶಾಲೆಯಿಂದ ಈಗ ಬಂದೆ. ಹೌದು, ಮತ್ತೆ ಶಾಲೆಗೆ ಸೇರಿದ್ದೇನೆ. ಅದನ್ನು ಆಮೇಲೆ ಹೇಳುತ್ತೇನೆ.

ಹೋದ ಮೇ ತಿಂಗಳಲ್ಲಿ ಭಾನುವಿಗೆ ಟಿ. ನರಸೀಪುರಕ್ಕೆ ವರ್ಗವಾಯಿತು. ಅಲ್ಲೇ ಬಾಡಿಗೆ ಮನೆ ಹಿಡಿದರು. ಒಂದು ಶನಿವಾರ ಗಂಡ ಹೆಂಡತಿ ಇಬ್ಬರೂ ಬಂದರು. ತಟ್ಟೆಯಲ್ಲಿ ಎಲೆ ಅಡಿಕೆ, ತೆಂಗಿನಕಾಯಿ, ನನಗೊಂದು ರೇಷ್ಮೆ ಸೀರೆ, ನಮ್ಮ ಮನೆಯವರಿಗೆ ಪಂಚೆ ಶಲ್ಯ ಇಟ್ಟು ಕಾಲಿಗೆ ಬಿದ್ದರು. ನಿಂಗರಾಜು ಅತ್ತುಬಿಟ್ಟ. ನನಗೆ ಅಳು ಬರಲಿಲ್ಲ. ನಾನು ಲಿಖಿಯ ಬಟ್ಟೆ ಮಡಿಸುತ್ತಿದ್ದೆ. ಯಾವ ಅಂಗಿಯ ಗುಂಡಿ ಸಡಿಲವಾಗಿದೆ, ಯಾವ ಔಷಧಿ ಅವಳಿಗೆ ಆಗುವುದಿಲ್ಲ ಎಂದು ಭಾನುವಿಗೆ ಒಂದೊಂದಾಗಿ ಹೇಳುತ್ತಿದ್ದೆ. ಭಾನು ಕೇಳಿಸಿಕೊಳ್ಳುತ್ತಾ ಇದ್ದವಳು ನಡುವೆ ಹೇಳಿದಳು:

"ಅಕ್ಕ, ನೀನ್ ಬರ್ದಿರದ್ನೆಲ್ಲಾ ಓದಿವ್ನಿ."

"ಯಾವಾಗ?"

"ಹೋದ್ ವರ್ಷ. ನಮ್ ವಾರ್ಡ್‌ನಲ್ಲಿ ಒಬ್ಳು ಬಾಣಂತಿ ಫೋನ್ ನೋಡ್ತಾ ಕೂತಿದ್ಲು. 'ಸಿಸ್ಟರ್, ಈ ತಾಯಿ ಎಷ್ಟ್ ಛಂದ ಬರದಾರ ನೋಡ್ರಿ, ನಿಮ್ ಮೈಸೂರು ಕಡೆಯವ್ರೇ' ಅಂತ ನಂಗೇ ತೋರ್ಸುದ್ಲು. ಗಂಜಿ ಮಾಡೋದು ಬರೀತೀಯ ಅನ್ಕೊಂಡಿದ್ದೆ ಅಲ್ಲೀತಂಕ. ಆವತ್ತು ಡ್ಯೂಟಿ ಮುಗಿಸ್ಕಂಡು ಎಲ್ಲಾನೂ ಓದ್ದೆ."

ಅವಳು ಲಿಖಿಯ ಒಂದು ಹಳೆಯ ಕಾಲುಚೀಲವನ್ನು ಕೈಯಲ್ಲಿ ಹಿಡಿದು ಸುತ್ತುತ್ತಾ ಇದ್ದಳು.

"ಯುಗಾದೀಗೆ ನಾನ್ ಬಂದಾಗ ಪಾಪು ನನ್ ಕಡೆ ಹೆಜ್ಜೆ ಹಾಕ್ತಲ್ಲಕ್ಕ. ಅದೇ ಮೊದ್ಲುನೇ ಹೆಜ್ಜೆ, ನಂಗೋಸ್ಕರ ಕಾಯ್ಕೊಂಡಿತ್ತು ಅಂತ ಐದ್ ವರ್ಷ ಎಲ್ರಿಗೂ ಹೇಳ್ಕೊಂಡು ತಿರುಗ್ದೆ. ಅದು ಎರಡ್ ವಾರ ಮುಂಚೇನೇ ನಡುದ್ಬುಟ್ಟಿತ್ತು ಅಂತ ನಿನ್ ಬ್ಲಾಗ್‌ನಲ್ಲಿ ಓದ್ದೆ."

ಅವಳು ಹೇಳಿದ್ದು ನಿಜ. ಲಿಖಿ ನಡೆದ ದಿನ ನಾನು ಭಾನುವಿಗೆ ಫೋನಿನಲ್ಲಿ ಹೇಳಿರಲಿಲ್ಲ. ಅಷ್ಟು ದೂರದಿಂದ ಬರುತ್ತಾಳೆ, ಅವಳ ಕಣ್ಣೆದುರಿಗೇ ಮೊದಲ ಸಲ ನಡೆದ ಹಾಗಿರಲಿ ಎಂದುಕೊಂಡಿದ್ದೆ. ಆ ಯುಗಾದಿಯ ದಿನ ಅವಳು ಮಗುವನ್ನು ಎತ್ತಿಕೊಂಡು ಬೀದಿಗೆಲ್ಲ ಒಬ್ಬಟ್ಟು ಹಂಚಿದ್ದಳು. ಮುಂದೆ ಯಾವಾಗಲೋ, ಮಗು ಯಾವ ತಿಂಗಳಿಗೆ ನಡೆಯುತ್ತದೆ ಎಂಬ ಬರಹಕ್ಕೆ ಕೂತಾಗ ಇದ್ದದ್ದನ್ನು ಇದ್ದ ಹಾಗೆ ಬರೆದುಬಿಟ್ಟೆ. ಭಾನು ಓದಬಹುದೆಂದು ಹೊಳೆಯಲೇ ಇಲ್ಲ.

"ನೀನ್ ಸುಳ್ ಬರ್ದಿದ್ದೀಯ ಅಂತ ಬೇಜಾರಿಲ್ಲ ಕಣಕ್ಕ. ಅದ್ರಲ್ಲಿ ಒಂದೂ ಸುಳ್ಳಿಲ್ಲ. ಅದ್ಕೇ ಬೇಜಾರು" ಎಂದಳು ಭಾನು.

ಇಷ್ಟೇ ಅವಳು ಹೇಳಿದ್ದು. ದನಿ ಏರಿಸಲಿಲ್ಲ. ಊಟ ಮಾಡಿ, ನಾಲ್ಕು ಗಂಟೆಯ ಬಸ್ಸಿಗೆ ಹೊರಟರು. ಲಿಖಿ ಕಿಟಕಿಯ ಪಕ್ಕ ಕೂರುವ ಖುಷಿಯಲ್ಲಿದ್ದಳು, ರಜಕ್ಕೆ ಹೋಗುತ್ತಿದ್ದೇನೆ ಎಂದುಕೊಂಡಿದ್ದಳೋ ಏನೋ. ನಾವಿಬ್ಬರೂ ಮನೆಗೆ ಬಂದೆವು. ಆ ಸೀರೆಯನ್ನು ನೋಡಿ ನಮ್ಮ ಮನೆಯವರು, "ಸಂಬ್ಳ ಕೊಟ್ಟಂಗಾಯ್ತಾ ನಿಂಗೆ?" ಎಂದು ಕೇಳಿದರು. ನನಗೆ ಏನೂ ಅನ್ನಿಸಿರಲಿಲ್ಲ. ಹಾಗೆಂದೇ ಹೇಳಿದೆ.

ಈಗಲೂ ಹೆಚ್ಚೇನೂ ಅನ್ನಿಸುವುದಿಲ್ಲ ರಂಜಿನಿ. ಇದನ್ನು ನಿನಗೆ ಹೇಗೆ ತಿಳಿಸಲಿ? ಹಲ್ಲಿನ ಡಾಕ್ಟರು ಇಂಜೆಕ್ಷನ್ ಕೊಟ್ಟ ಮೇಲೆ ತುಟಿ ಮುಟ್ಟಿದರೆ ಬೇರೆಯವರದ್ದನ್ನು ಮುಟ್ಟಿದ ಹಾಗಿರುತ್ತದಲ್ಲ, ಹಾಗೆ. ಊಟ ಸೇರುತ್ತದೆ, ನಿದ್ದೆ ಬರುತ್ತದೆ. ಆದರೆ ಸಾರಿಗೆ ಖಾರ ಹಾಕುವ ಕೈ ಇನ್ನೂ ಬದಲಾಗಿಲ್ಲ. ಮಗುವಿನ ಅಳತೆಯಲ್ಲೇ ಹಾಕುತ್ತೇನೆ. ಅವರು ಏನೂ ಹೇಳದೆ ಉಪ್ಪಿನಕಾಯಿ ಬಡಿಸಿಕೊಂಡು ಉಣ್ಣುತ್ತಾರೆ.

ಇನ್ನು ನಿನ್ನ ಹತ್ತಿರ ಮುಚ್ಚಿಡಬಾರದ ಮಾತು. ಅವಳು ಹೋದ ಮೇಲೂ ನಾನು ಬರೆಯುವುದನ್ನು ನಿಲ್ಲಿಸಲಿಲ್ಲ. ಜೂನ್, ಜುಲೈ, ಆಗಸ್ಟ್, ಮೂರು ತಿಂಗಳಲ್ಲಿ ಹನ್ನೊಂದು ಬರಹ. 'ಇವತ್ತು ಲಿಖಿ ಹಾಗಲಕಾಯಿ ಗೊಜ್ಜು ಕೇಳಿ ಹಾಕಿಸಿಕೊಂಡಳು.' 'ಲಿಖಿಗೆ ಮಗ್ಗಿ ಕಲಿಸಿದ ಬಗೆ.' ಮನೆಯಲ್ಲಿ ಮಗುವಿಲ್ಲ, ಹಾಗಲಕಾಯಿ ತಂದೂ ಇರಲಿಲ್ಲ. ಬರೆಯುವುದು ಕಷ್ಟವಾಗಲೇ ಇಲ್ಲ. ಮೊದಲಿಗಿಂತ ಸಲೀಸಾಗಿ ಬರುತ್ತಿತ್ತು, ಯಾರೂ ಮಧ್ಯೆ ಬಂದು ಸೆರಗು ಎಳೆಯುತ್ತಿರಲಿಲ್ಲವಲ್ಲ. ನಿನ್ನ ಸ್ಟಾಫ್‌ರೂಮಿನ ಟೀಚರು ತೋರಿಸಿದ್ದು, ನೀನು ದಿನಾಂಕ ಬರೆದಿದ್ದೆಯಲ್ಲ, ಆ ಹಾಗಲಕಾಯಿಯ ಬರಹ. ನೀನು ದೀಪ ಹಚ್ಚಿದ್ದು ಅದಕ್ಕೆ.

ಆಗಸ್ಟ್ ಕೊನೆಯಲ್ಲಿ ಮಾಲ್ಟಿನ ಕಂಪನಿಯಿಂದ ಗೌತಮಿ ಎಂಬ ಹುಡುಗಿ ಕಾರಿನಲ್ಲಿ ಬಂದಳು. ಬಹಳ ಮರ್ಯಾದೆಯ ಹುಡುಗಿ, ಚಪ್ಪಲಿ ಬೀದಿ ಬಾಗಿಲಲ್ಲೇ ಬಿಟ್ಟು ಬಂದಳು. ಇಡೀ ವರ್ಷಕ್ಕೆ ಒಪ್ಪಂದ ಮಾಡಿಕೊಳ್ಳುತ್ತೇವೆ, ಪುಡಿಯ ಪ್ಯಾಕೆಟ್ಟಿನ ಮೇಲೆ ರಾಗಿಸರಿ ಅಮ್ಮ ಮತ್ತು ಮಗಳ ಫೋಟೋ ಬರಬೇಕು ಎಂದಳು. "ಇಷ್ಟು ವರ್ಷ ಪಾಪು ಮುಖ ತೋರಿಸಿಲ್ಲ ನೀವು ಮೇಡಂ. ಅದಕ್ಕೇ ಜನ ಕಾಯ್ತಿದ್ದಾರೆ" ಎಂದಳು. ಮಗು ಎಲ್ಲಿ ಎಂದು ಸುತ್ತ ನೋಡಿದಳು. ಅಜ್ಜಿ ಮನೆಗೆ ಹೋಗಿದ್ದಾಳೆ ಎಂದೆ. ಹಾಗೆ ಹೇಳುವಾಗಲೂ ನನ್ನ ನಾಲಿಗೆ ತಡವರಿಸಲಿಲ್ಲ.

ಆ ದುಡ್ಡು ಬಿಡಲು ನನಗೆ ಮನಸ್ಸಿರಲಿಲ್ಲ ಎಂದೂ ಹೇಳಿಬಿಡುತ್ತೇನೆ. ಒಂದು ದಿನದ ಕೆಲಸ, ಮಗುವಿಗೂ ಇಲ್ಲೇ ಬಿಟ್ಟುಹೋಗಿದ್ದ ಹಳೆಯ ಸೈಕಲ್ಲಿನ ಬದಲು ಹೊಸದೊಂದು ಕೊಡಿಸಬಹುದು ಎಂದುಕೊಂಡೆ. ಸೆಪ್ಟೆಂಬರಿನ ಒಂದು ಶನಿವಾರ ನೀನು ಕಳಿಸಿದ ಖಣದಲ್ಲಿ ಹೊಲಿಸಿದ ಲಂಗ, ಎರಡು ಚಿಪ್ಪು ರಸಬಾಳೆ ತೆಗೆದುಕೊಂಡು ನರಸೀಪುರದ ಬಸ್ಸು ಹತ್ತಿದೆ.

ಅವಳನ್ನು ನೋಡಿ ಮೂರು ತಿಂಗಳ ಮೇಲಾಗಿತ್ತು. ಶಾಲೆಯಿಂದ ಆಗ ತಾನೇ ಬಂದು ಊಟ ಮಾಡುತ್ತಿದ್ದಳು. ಕೂದಲನ್ನು ಕುತ್ತಿಗೆಯ ಮಟ್ಟಕ್ಕೆ ಕತ್ತರಿಸಿದ್ದರು. ತಟ್ಟೆಯಲ್ಲಿ ಭಾನು ಮಾಡಿದ ಕೆಂಪು ಬಸ್ಸಾರು. ನೀರು ಕುಡಿಯದೆ ಉಣ್ಣುತ್ತಿದ್ದಳು. ನನ್ನನ್ನು ನೋಡಿ ನಕ್ಕಳು, ಎದ್ದು ಬಂದು ಎಂಜಲು ಕೈಯನ್ನು ಹಿಂದಕ್ಕಿಟ್ಟುಕೊಂಡು ನನ್ನ ಹೊಟ್ಟೆಗೆ ತಲೆ ಆನಿಸಿ ನಿಂತಳು. ಆಮೇಲೆ ಲಂಗ ಹಾಕಿಕೊಂಡು ತಿರುಗಿ ತೋರಿಸಿದಳು, ನೋಟ್‌ಬುಕ್ಕು ತೋರಿಸಿದಳು, ಪಕ್ಕದ ಮನೆಯ ಬೆಕ್ಕು ಮರಿ ಹಾಕಿದ್ದನ್ನು ಹೇಳಿದಳು. ಒಂದು ಮಾತ್ರ ಗಮನಿಸಿದೆ. ಆ ಎರಡು ಗಂಟೆಯಲ್ಲಿ ಅವಳು ನನ್ನನ್ನು ಏನೆಂದೂ ಕರೆಯಲಿಲ್ಲ. "ನೋಡು" ಎನ್ನುತ್ತಿದ್ದಳು, "ಇಲ್ಲಿ ಬಾ" ಎನ್ನುತ್ತಿದ್ದಳು. ಅಮ್ಮ ಎಂದು ಬಾಯಿಗೆ ಬರುವ ಕಡೆಯಲ್ಲೆಲ್ಲ ಒಂದು ಚೂರು ತಡೆದು, ದಾಟಿಕೊಂಡು ಹೋಗುತ್ತಿದ್ದಳು. ಭಾನುವನ್ನೂ ನನ್ನೆದುರಿಗೆ ಏನೆಂದೂ ಕರೆಯಲಿಲ್ಲ.

ಫೋಟೋದ ವಿಷಯ ಭಾನುವಿಗೆ ಹೇಳಿದೆ. ಜಗಳವಾಡುತ್ತಾಳೆ ಎಂದುಕೊಂಡಿದ್ದೆ. ಅವಳು ಪಾತ್ರೆ ಉಜ್ಜುತ್ತಾ ತಲೆ ಎತ್ತದೆ ಹೇಳಿದಳು:

"ಕರ್ಕೊಂಡೋಗಕ್ಕ. ನಾನ್ ಬೇಡ ಅನ್ನಕಾಯ್ತದಾ? ನಾನಿಲ್ದೇ ಇದ್ದಾಗ ಸಾಕಿರೋಳು ನೀನು. ಆದ್ರೆ ಅವ್ಳನ್ನ ಒಂದ್ ಮಾತು ಕೇಳು."

ಲಿಖಿಯನ್ನು ಕೂರಿಸಿಕೊಂಡು ಹೇಳಿದೆ. ಮೈಸೂರಿಗೆ ಕಾರಿನಲ್ಲಿ ಹೋಗುವುದು, ಹೊಸ ಬಟ್ಟೆ, ಫೋಟೋ, ಅದು ಅಂಗಡಿಯಲ್ಲಿ ಪ್ಯಾಕೆಟ್ಟಿನ ಮೇಲೆ ಬರುತ್ತದೆ ಎಂದೆ. ಅವಳು ಎಲ್ಲವನ್ನೂ ಗಮನವಿಟ್ಟು ಕೇಳಿದಳು. ಆಮೇಲೆ ನನ್ನ ಮುಖವನ್ನೂ ನೋಡದೆ, ಅಡುಗೆಮನೆಯ ಕಡೆಯೂ ನೋಡದೆ, ಲಂಗದ ಅಂಚು ಹಿಡಿದುಕೊಂಡು ಕೇಳಿದಳು:

"ಅಲ್ಲಿ ಕೇಳುದ್ರೆ ನಾನ್ ಯಾರ್ ಮಗಳು ಅಂತ ಹೇಳ್ಬೇಕು?"

ತುಂಟತನವಿರಲಿಲ್ಲ, ದುಃಖವೂ ಇರಲಿಲ್ಲ ಆ ದನಿಯಲ್ಲಿ. ಪರೀಕ್ಷೆಗೆ ಹೋಗುವ ಮುಂಚೆ, ಪೆನ್ಸಿಲಿನಲ್ಲಿ ಬರೆಯಬೇಕೋ ಪೆನ್ನಿನಲ್ಲೋ ಎಂದು ಟೀಚರನ್ನು ಕೇಳುತ್ತಾರಲ್ಲ, ಹಾಗೆ ಕೇಳಿದಳು. ಏನು ಹೇಳಿದರೂ ಅದನ್ನೇ ಹೇಳಲು ಅವಳು ತಯಾರಿದ್ದಳು. ಒಳಗೆ ಪಾತ್ರೆ ಉಜ್ಜುವ ಸದ್ದು ನಿಂತಿತ್ತು.

"ಹೋಗೋದೇ ಬೇಡ ಬಿಡು ಮರಿ" ಎಂದೆ.

"ಸರಿ" ಎಂದಳು. ಬೆಕ್ಕಿನ ಮರಿ ನೋಡಲು ಓಡಿದಳು.

ಭಾನು ಕಾಫಿ ಮಾಡಿಕೊಟ್ಟಳು. ಕುಡಿದೆ. ಅವಳು ಬಸ್‌ಸ್ಟ್ಯಾಂಡಿನ ತನಕ ಬಂದಳು, ಇಬ್ಬರೂ ಬಾಳೆಹಣ್ಣಿನ ರೇಟು ಮಾತಾಡಿದೆವು. ಬಸ್ಸಿನಲ್ಲಿ ಕೂತ ಮೇಲೆ ಗೌತಮಿಗೆ ಫೋನ್ ಮಾಡಿ ಆಗುವುದಿಲ್ಲ ಎಂದೆ. ಮರುದಿನ ಬೆಳಿಗ್ಗೆ ಕೂತು ಒಂದು ಬರಹ ಬರೆದೆ. ತಲೆಬರಹ, 'ಲಿಖಿತಾ ನನ್ನ ತಂಗಿಯ ಮಗಳು.' ಇಪ್ಪತ್ತೆರಡು ಸಾಲು. ಅವಳ ತಾಯಿ ಎಲ್ಲಿದ್ದಳು, ಏಕೆ ಇದ್ದಳು, ಈಗ ಮಗು ತಾಯಿಯ ಹತ್ತಿರ ಇದೆ, ಜೂನಿನಿಂದ ಬರೆದ ಹನ್ನೊಂದೂ ಕಟ್ಟಿದ ಮಾತು, ಅವನ್ನು ತೆಗೆದುಹಾಕಿದ್ದೇನೆ, ಇನ್ನು ಮುಂದೆ ಈ ಮಗುವಿನ ಬಗ್ಗೆ ಬರೆಯುವುದಿಲ್ಲ ಎಂದು.

ಬಹಳ ಜನ ಬೈದರು. ಬಂಜೆಯ ಹತ್ತಿರ ಮಗು ಸಾಕುವುದು ಕಲಿತೆವಾ ಎಂದೊಬ್ಬಳು ಬರೆದಳು. ನೀನು ಅದನ್ನು ಓದಿದ್ದರೆ ಅವಳ ಜುಟ್ಟು ಹಿಡಿಯುತ್ತಿದ್ದೆ. ನಾನು ಓದಿ ಮುಂದಕ್ಕೆ ಹೋದೆ. ಚಾಮರಾಜನಗರದ ಒಬ್ಬ ತಾಯಿ ಮಾತ್ರ, "ಹಾಗಾದ್ರೆ ಜ್ವರಕ್ಕೆ ಒದ್ದೆ ಬಟ್ಟೆ ಹಾಕೋದು ಬರೆದಿದ್ರಲ್ಲ, ಅದು ನಿಜಾನಾ?" ಎಂದು ಕೇಳಿದಳು. ನಿಜ ಎಂದೆ. "ಹಾಗಾದ್ರೆ ಸರಿ" ಎಂದು ಬರೆದಳು. ಗೌತಮಿ ಫೋನ್ ಮಾಡಿ, "ಹಾಕೋ ಮುಂಚೆ ನಂಗೊಂದು ಮಾತು ಹೇಳ್ಬಾರ್ದಿತ್ತಾ ಮೇಡಂ" ಎಂದಳು, ಅಷ್ಟೇ. ಕಂಪನಿಯವರು ಹಿಂದೆ ಸರಿದರು. ಅವರ ತಪ್ಪೇನಿಲ್ಲ.

ನಮ್ಮ ಮನೆಯವರು ಆ ಬರಹವನ್ನು ಎರಡು ಸಲ ಓದಿಸಿಕೊಂಡರು. "ಬರ್ದದ್ದು ಒಳ್ಳೇದಾಯ್ತು ಕಣಮ್ಮಿ. ಇನ್ಮೇಲೆ ಅವ್ಳು ಬಂದ್ರೆ ನಮ್ಮನೇಗ್ ಬಂದಂಗಾಯ್ತದೆ" ಎಂದರು. ಆಮೇಲೆ ಅವಳ ಸೈಕಲ್ಲನ್ನು ಹೊರಗೆ ತಂದು ಟೈರಿಗೆ ಗಾಳಿ ಹಾಕಿದರು.

ಈಗ ಹೇಗಿದ್ದೇನೆ ಎಂದರೆ, ಅಕ್ಟೋಬರಿನಿಂದ ಇಲ್ಲೇ ಒಂದು ಶಾಲೆಯಲ್ಲಿ ಯುಕೆಜಿ ಮಕ್ಕಳಿಗೆ ಟೀಚರು. ಮೂವತ್ತೊಂದು ಮಕ್ಕಳು. ಅವರ ಮೂಗು ಒರೆಸುತ್ತೇನೆ, ಶೂ ಲೇಸು ಕಟ್ಟುತ್ತೇನೆ. ರಾಗಿಸರಿ ನಿಂತಿಲ್ಲ. ಓದುಗರು ಅರ್ಧಕ್ಕಿಂತ ಕಡಿಮೆಯಾಗಿದ್ದಾರೆ, ಜಾಹೀರಾತಿನ ದುಡ್ಡು ಕರೆಂಟು ಬಿಲ್ಲಿಗೆ ಸರಿಹೋಗುತ್ತದೆ. ಮಣ್ಣು ತಿನ್ನುವ ಮಕ್ಕಳ ತಾಯಂದಿರು ಈಗಲೂ ಬರುತ್ತಾರೆ. ಅವರಿಗೆ ನಾನು ಯಾರ ತಾಯಿಯಾದರೂ ಒಂದೇ.

ದೀಪಾವಳಿಗೆ ಲಿಖಿ ಬಂದಿದ್ದಳು. ನಿಂಗರಾಜು ಕರೆತಂದು ಬಿಟ್ಟು, ಮರುದಿನ ಸಂಜೆ ಬಂದು ಕರೆದುಕೊಂಡು ಹೋದ. ನಿನ್ನ ಹಳದಿ ಲಂಗವನ್ನೇ ಹಾಕಿಕೊಂಡಿದ್ದಳು. ಗೇಟು ತೆಗೆದವಳೇ, "ದೊಡ್ಡಮ್ಮಾ, ಸೈಕಲ್ ಎಲ್ಲಿ?" ಎಂದು ಕೂಗಿದಳು. ಎಲ್ಲೂ ತಡೆಯಲಿಲ್ಲ, ನೀರು ಕುಡಿದಷ್ಟು ಸಲೀಸಾಗಿ ಕರೆದಳು. ನಮ್ಮ ಮನೆಯವರು ನನ್ನ ಮುಖ ನೋಡಿದರು. ನಾನು ಸೈಕಲ್ ತೋರಿಸಿದೆ. ಎರಡು ದಿನ ಚೆನ್ನಾಗಿ ಕಳೆಯಿತು. ಅವಳಿಗೆ ಸಾರು ಸಪ್ಪೆಯಾಯಿತಂತೆ.

ಇಷ್ಟು ಕಣೇ. ನೀನು ಹಚ್ಚಿದ ದೀಪಕ್ಕೆ ನಾನು ಈ ಉತ್ತರ ಕೊಡಬೇಕಾಯಿತು. ಬೇಜಾರು ಮಾಡಿಕೊಂಡರೆ ಮಾಡಿಕೋ, ಆದರೆ ಬರೆಯುವುದು ಬಿಡಬೇಡ. ನಿನ್ನ ದೊಡ್ಡ ಮಗಳು ಈ ಸಲ ಎಸ್ಸೆಸ್ಸೆಲ್ಸಿ ಅಲ್ಲವಾ? ಚೆನ್ನಾಗಿ ಓದಲಿ, ಕಣ್ಣಿಗೆ ಶ್ರಮ ಕೊಡದಿರಲಿ. ಚಿಕ್ಕವನಿಗೆ ನನ್ನ ಮುದ್ದು. ನಂಜುಂಡನ ಪ್ರಸಾದ ಒಂದು ಚಿಟಿಕೆ ಕಾಗದದಲ್ಲಿ ಕಟ್ಟಿ ಇಟ್ಟಿದ್ದೇನೆ, ಇಬ್ಬರ ಹಣೆಗೂ ಇಡು. ನಿಮ್ಮೆಲ್ಲರ ಮನೆ ತುಂಬಿರಲಿ.

ಯಾವತ್ತೂ ನಿನ್ನವಳಾದ
ಕೋಮಲ

ಇನ್ನೊಂದು ಮಾತು: ಕವರಿಗೆ ಅಂಟು ಹಚ್ಚುವ ಮೊದಲು ಇದನ್ನೂ ಬರೆದುಬಿಡುತ್ತೇನೆ. ಜುಲೈ ತಿಂಗಳಲ್ಲಿ ಓದುಗರ ಪ್ರಶ್ನೆಗಳ ನಡುವೆ ಹೆಸರಿಲ್ಲದ ಒಂದು ಪ್ರಶ್ನೆ ಬಂದಿತ್ತು. "ನನ್ನ ಮಗಳಿಗೆ ಏಳು ವರ್ಷ. ಎಳೆಗೂಸಿನಿಂದ ಬೇರೆಯವರ ಹತ್ತಿರ ಬೆಳೆದಳು, ಈಗ ಕರೆದುಕೊಂಡು ಬಂದಿದ್ದೇನೆ. ನಿದ್ದೆಯಲ್ಲಿ ಅಮ್ಮಾ ಎಂದು ಕೂಗುತ್ತಾಳೆ. ನಾನು ಹತ್ತಿರ ಹೋದರೆ ಕಣ್ಣು ಬಿಟ್ಟು ನನ್ನನ್ನು ನೋಡಿ ಗೋಡೆ ಕಡೆ ತಿರುಗಿಕೊಳ್ಳುತ್ತಾಳೆ. ನಾನೇನು ಮಾಡಬೇಕು?" ಯಾರು ಬರೆದದ್ದೆಂದು ನನಗೆ ಗೊತ್ತಾಯಿತು. ನನಗೆ ಗೊತ್ತಾಗುತ್ತದೆಂದು ಅವಳಿಗೂ ಗೊತ್ತಿತ್ತು. ಇವತ್ತಿನವರೆಗೆ ನಾವಿಬ್ಬರೂ ಆ ವಿಷಯ ಎತ್ತಿಲ್ಲ. ಎಲ್ಲ ತಾಯಂದಿರಿಗೂ ಬರೆಯುವ ಹಾಗೆ ಒಂದು ಗಂಟೆ ಕೂತು ಉತ್ತರ ಬರೆದೆ. ತಲೆಗೆ ಎಣ್ಣೆ ಹಚ್ಚುವುದು, ಉಗುರು ಕತ್ತರಿಸುವುದು ನೀವೇ ಮಾಡಿ. ಸಾಕಿದವರ ಫೋಟೋ ಎದುರಿಗೆ ಬೇಡ. ಅವರು ಕೆಲವು ತಿಂಗಳು ಫೋನ್ ಮಾಡದಿದ್ದರೆ ಒಳ್ಳೆಯದು, ಹಾಗೆಂದು ಅವರಿಗೆ ಹೇಳಲು ಸಂಕೋಚಪಡಬೇಡಿ. ಮಕ್ಕಳು ಮರೆಯುತ್ತಾರೆ. ಭಾನು ನನಗೆ ಹೇಳಬೇಕಾಗಿ ಬರಲಿಲ್ಲ, ಅವತ್ತಿನಿಂದ ನಾನೇ ಫೋನ್ ಮಾಡಲಿಲ್ಲ. ತೆಗೆದುಹಾಕಿದ ಆ ಹನ್ನೊಂದನ್ನು ಬಿಟ್ಟರೆ, ಐದು ವರ್ಷದಲ್ಲಿ ನಾನು ಕೊಟ್ಟ ಸಲಹೆಗಳಲ್ಲಿ ಲಿಖಿಗೆ ಮೊದಲು ಮಾಡಿ ನೋಡದೆ ಬರೆದದ್ದು ಇದೊಂದೇ. ಸರಿಯಾಗಿಯೇ ಬರೆದಿದ್ದೆ.